ವಾಕ್ಯ ಕಟ್ಟಲು ತಡವರಿಸುವ ಮಕ್ಕಳು

ಕಿವಿ ಚೆನ್ನಾಗಿ ಕೇಳುತ್ತದೆ, ಬುದ್ಧಿಯೂ ಚುರುಕಾಗಿದೆ. ಆದರೂ ವಯಸ್ಸಿಗೆ ತಕ್ಕಂತೆ ವಾಕ್ಯ ಕಟ್ಟಲು ಬಾರದ ಮಕ್ಕಳಿದ್ದಾರೆ. ಇದನ್ನು ಭಾಷಾ ಬೆಳವಣಿಗೆಯ ದೋಷವೆನ್ನುತ್ತಾರೆ. ನೆದರ್ಲೆಂಡ್ಸ್ ದೇಶದಲ್ಲಿ ನೂರು ಮಕ್ಕಳಲ್ಲಿ ಸುಮಾರು 5ರಿಂದ 7 ಮಕ್ಕಳಿಗೆ ಇದು ಇದೆಯೆಂದು ಅಂದಾಜು. ಅಲ್ಲಿಯ ಡಚ್ ಭಾಷೆಯಲ್ಲಿ ಇದು ತೋರುವ ಬಗೆಯನ್ನು ನೋಡಿದರೆ ದೋಷದ ಸ್ವರೂಪ ಸ್ಪಷ್ಟವಾಗುತ್ತದೆ.

‘ಅಪ್ಪ ಕಾಫಿ ಕುಡಿಯುತ್ತಾನೆ’ ಎನ್ನುವಾಗ ನಮ್ಮ ಕ್ರಿಯಾಪದ ಕೊನೆಯಲ್ಲಿ ನಿಲ್ಲುತ್ತದೆ. ಡಚ್ಚಿನ ಪ್ರಧಾನ ವಾಕ್ಯದಲ್ಲಿ ಕರ್ತೃವಿಗೆ ಹೊಂದಿಕೊಂಡ ಕ್ರಿಯಾಪದವು ಎರಡನೆಯ ಸ್ಥಾನಕ್ಕೆ ಬರಬೇಕು: ‘ಪಾಪಾ ದ್ರಿಂಕ್ಟ್ ಕೋಫಿ’. ಎರಡು ವರ್ಷದ ಕೂಸು ‘ಪಾಪಾ ಕೋಫಿ ದ್ರಿಂಕೆನ್’ ಎನ್ನುವುದುಂಟು. ‘ಅಪ್ಪ ಕಾಫಿ ಕುಡಿಯುವುದು’ ಎಂದಂತೆ. ಬಹುತೇಕ ಮಕ್ಕಳು ಕೆಲವು ವರ್ಷಗಳಲ್ಲಿ ಈ ಹಂತವನ್ನು ದಾಟುತ್ತಾರೆ. ದೋಷವುಳ್ಳ ಮಗು ಶಾಲೆಗೆ ಸೇರಿದ ಮೇಲೂ ಹೀಗೆ ನುಡಿಯಬಹುದು. ನಾಮಪದಕ್ಕೆ ಮೊದಲು ಬರುವ ‘ದೆ’, ‘ಹೆಟ್’ ಎಂಬ ಪದಗಳೂ ತೊಡಕೇ. ಪುಸ್ತಕಕ್ಕೆ ‘ಹೆಟ್ ಬೂಕ್’ ಎನ್ನಬೇಕಾದಲ್ಲಿ ಮಗು ‘ದೆ ಬೂಕ್’ ಎನ್ನುತ್ತದೆ. ಈ ತಪ್ಪುಗಳನ್ನು ಎಲ್ಲ ಮಕ್ಕಳೂ ಮಾಡುತ್ತಾರೆ. ಈ ಮಕ್ಕಳಲ್ಲಿ ಅವು ಬಹುಕಾಲ ಉಳಿಯುತ್ತವೆ. ಇದನ್ನರಿಯದೆ ಅವರನ್ನು ದಡ್ಡರೆಂದೋ ಸೋಮಾರಿಗಳೆಂದೋ ಜರೆಯುವುದು ಅನ್ಯಾಯ.

ಎರಡು ಭಾಷೆ ಕಲಿಸಿದ್ದರಿಂದ ಹೀಗಾಯಿತೆಂಬ ಭಯವೂ ಸಲ್ಲದು. ಎರಡು ಭಾಷೆಯ ಮಗುವಿಗೆ ಈ ದೋಷವಿದ್ದರೆ ಅದು ಎರಡರಲ್ಲಿಯೂ ಕಾಣುತ್ತದೆ. ಒಂದನ್ನು ಬಿಡಿಸಿದರೆ ಗುಣವಾಗದು. ಆ ದೇಶದಲ್ಲಿ ನೆಲೆಸಿದ ನಮ್ಮವರು ಈ ಭಯದಿಂದ ಮನೆಯ ಕನ್ನಡವನ್ನು ನಿಲ್ಲಿಸಬೇಕಿಲ್ಲ.

ಬಜೆ ತೇಯ್ದು ನಾಲಿಗೆಗೆ ಸವರುವ ರೂಢಿಯನ್ನು ನಾವು ಬಲ್ಲೆವು. ಆಯುರ್ವೇದ ವೈದ್ಯರಾಗಿಯೇ ಹೇಳುತ್ತೇವೆ: ವಾಕ್ಯರಚನೆಯನ್ನು ಕಲಿಸುವ ಬೇರಾಗಲಿ ಲೇಹ್ಯವಾಗಲಿ ಇಲ್ಲ. ಔಷಧವನ್ನು ನಂಬಿ ವರ್ಷಗಳನ್ನು ಕಳೆಯಬಾರದು. ಮೊದಲು ಶ್ರವಣ ಪರೀಕ್ಷೆ ಮಾಡಿಸಬೇಕು. ಬಳಿಕ ಮಾತು ಮತ್ತು ಭಾಷಾ ಚಿಕಿತ್ಸಕರನ್ನು ಕಾಣಬೇಕು.

ಮನೆಯಲ್ಲಿ ಪಾಲಕರು ಮಾಡಬಹುದಾದುದೂ ಇದೆ. ಡಚ್ ಮಗು ‘ಪಾಪಾ ಕೋಫಿ ದ್ರಿಂಕೆನ್’ ಎಂದಾಗ ತಾಯಿ ತಪ್ಪೆತ್ತಿ ತೋರಿಸದೆ, ‘ಹೌದು, ಪಾಪಾ ದ್ರಿಂಕ್ಟ್ ಕೋಫಿ’ ಎಂದು ಸರಿಯಾದ ವಾಕ್ಯವನ್ನೇ ಮರಳಿ ನುಡಿದು ಮಾತು ಮುಂದುವರಿಸುತ್ತಾಳೆ. ಯಾವ ಭಾಷೆಯ ಮನೆಗೂ ಈ ಕ್ರಮ ಸಲ್ಲುತ್ತದೆ. ಪ್ರತಿದಿನ ಸ್ವಲ್ಪ ಹೊತ್ತು ಮಗುವಿನೆದುರು ಕುಳಿತು, ಅದು ಹೇಳಿ ಮುಗಿಸುವವರೆಗೆ ಕಾಯಬೇಕು. ಗದರಿಸಿದರೆ ಮಗು ತಪ್ಪನ್ನು ಬಿಡುವುದಿಲ್ಲ, ಮಾತನ್ನೇ ಬಿಡುತ್ತದೆ.