ಕರೆಂಟಿಲ್ಲದ ಮಳೆಗಾಲದಲ್ಲಿ ಗೀಸರ್

ಕೊಡಗಿನಲ್ಲಿ ಮಳೆ ಹಿಡಿದರೆ ಲೈನಿನ ಮೇಲೆ ಮರ ಬೀಳದ ವಾರವೇ ಅಪರೂಪ. ಒಳಗಿನ ತೋಟದ ಮನೆಗಳಲ್ಲಿ ಎರಡು ಮೂರು ದಿನ ಕತ್ತಲೆ ಮಾಮೂಲು. ಮನೆ, ಹೋಂಸ್ಟೇಗಳ ವೈರಿಂಗ್ ಮಾಡುವ ನನಗೆ ಆ ತಿಂಗಳುಗಳಲ್ಲಿ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಬಗೆ: “ಅಣ್ಣಾ, ಇನ್ವರ್ಟರ್ ಇದೆ, ಜನರೇಟರೂ ಇದೆ, ಆದ್ರೂ ಗೀಸರ್ ಓಡ್ತಿಲ್ಲ, ಯಾಕೆ?”

1. ಮೊದಲು ಲೆಕ್ಕ, ಆಮೇಲೆ ಸ್ವಿಚ್ಚು. 15 ಲೀಟರಿನ ಗೀಸರ್ ಸಾಮಾನ್ಯವಾಗಿ 2,000 ವ್ಯಾಟಿನದು. 900 ವಿಎ ಇನ್ವರ್ಟರ್ ಕೊಡುವುದು 700 ವ್ಯಾಟಿನ ಆಸುಪಾಸು. ಓವರ್‌ಲೋಡ್ ಎಂದು ಕೂಗಿ ನಿಲ್ಲದೆ ಅದಕ್ಕೆ ಬೇರೆ ದಾರಿಯಿಲ್ಲ. ದೊಡ್ಡ ಇನ್ವರ್ಟರ್ ತಂದರೆ ಪೆಟ್ಟು ಬ್ಯಾಟರಿಗೆ. 12 ವೋಲ್ಟಿನ 150 ಎಎಚ್ ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇದೆ. ಬಾಳಿಕೆ ಬೇಕೆಂದರೆ ಅರ್ಧಕ್ಕಿಂತ ಹೆಚ್ಚು ತೆಗೆಯಬಾರದು. ಆ 1.8 ಯೂನಿಟ್ಟೂ ಏಳೂವರೆ ಆಂಪಿನಂತೆ 20 ಗಂಟೆ ನಿಧಾನಕ್ಕೆ ಎಳೆದಾಗಿನ ಮಾತು. 2,000 ವ್ಯಾಟ್ ಬೇಕೆಂದರೆ ಅದೇ ಬ್ಯಾಟರಿಯಿಂದ 170ರಿಂದ 200 ಆಂಪ್ ಹರಿಯಬೇಕು. ಹಾಗೆ ಹಿಂಡಿದ ಬ್ಯಾಟರಿ ಹೇಳಿದಷ್ಟು ಕೊಡುವುದಿಲ್ಲ, ಬೇಗ ಸಾಯುತ್ತದೆ ಕೂಡ.

2. ಬಿಸಿಯನ್ನು ನೀರಿನಲ್ಲೇ ಕೂಡಿಡಿ. ಇಷ್ಟು ವರ್ಷಗಳಲ್ಲಿ ನಾನು ಎಲ್ಲರಿಗೂ ಒತ್ತಿ ಹೇಳುವುದು ಇದನ್ನೇ. 25 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 1.16 ಯೂನಿಟ್ ಬೇಕು. ಅಂದರೆ ಕಾದು ನಿಂತ 25 ಲೀಟರಿನ ಒಂದು ಗೀಸರಿನಲ್ಲಿ, ಮೇಲೆ ಹೇಳಿದ ಬ್ಯಾಟರಿಯಿಂದ ನೆಮ್ಮದಿಯಾಗಿ ತೆಗೆಯಬಹುದಾದದ್ದಕ್ಕಿಂತ ಹೆಚ್ಚು ಶಕ್ತಿ ಇದೆ. ತಣ್ಣೀರು ಬೆರೆಸಿಕೊಂಡರೆ ಮೂವರಿಗೆ ಒಂದೊಂದು ಬಕೆಟ್ ಸ್ನಾನದ ನೀರಾಯಿತು. 2,000 ವ್ಯಾಟಿನಲ್ಲಿ ಅದು ಕಾಯಲು ಬೇಕಾದದ್ದು 35 ನಿಮಿಷ. ಸಂಜೆ ಗಾಳಿ ಎದ್ದಾಗಲೇ ಗೀಸರ್ ಹಾಕಿ, ಪೂರ್ತಿ ಕಾಯಿಸಿ, ಆರಿಸಿ. ಗೋಡೆಯೊಳಗೆ ಪಫ್ ಫೋಮ್ ತುಂಬಿದ ಒಳ್ಳೆಯ ಟ್ಯಾಂಕಾದರೆ ಬೆಳಗಿನ ತನಕವೂ ಬಿಸಿ ಉಳಿಯುತ್ತದೆ. ಕರೆಂಟ್ ಬಂದ ಕೂಡಲೇ ಎಲ್ಲರೂ ಮೊಬೈಲ್ ಚಾರ್ಜಿಗೆ ಓಡುತ್ತಾರೆ. ಮೊಬೈಲನ್ನು ಇನ್ವರ್ಟರ್ ನೋಡಿಕೊಳ್ಳುತ್ತದೆ. ನೀವು ಗೀಸರ್ ಹಾಕಿ.

ಸೋಲಾರ್ ಟ್ಯಾಂಕಿನೊಳಗಿರುವ ಬ್ಯಾಕಪ್ ಕಾಯಿಲನ್ನು ಮಾತ್ರ ಜನರೇಟರಿಗೆ ಕೊಡಬೇಡಿ. 200 ಲೀಟರನ್ನು 25 ಡಿಗ್ರಿ ಏರಿಸಲು 5.8 ಯೂನಿಟ್ ಬೇಕು. ಸಣ್ಣ ಪೆಟ್ರೋಲ್ ಜನರೇಟರ್ ಲೀಟರಿಗೆ ಒಂದೂವರೆಯಿಂದ ಎರಡು ಯೂನಿಟ್ ಕೊಟ್ಟರೆ ಹೆಚ್ಚು. ಇಬ್ಬರ ಸ್ನಾನಕ್ಕೆ ಮೂರು ನಾಲ್ಕು ಲೀಟರ್ ಪೆಟ್ರೋಲ್ ಸುಡುವುದು ಸಲ್ಲದು.

3. ಎತ್ತರವೂ ಎಂಜಿನ್ನಿನ ಬಲ ತಿನ್ನುತ್ತದೆ. ಸಮುದ್ರಮಟ್ಟದಿಂದ ಸಾವಿರ ಅಡಿ ಏರಿದರೆ ಸುಮಾರು ಶೇ. 3.5ರಷ್ಟು ಬಲ ಇಳಿಯುತ್ತದೆ. ಮಡಿಕೇರಿ 3,800 ಅಡಿಯ ಹತ್ತಿರ. 2,000 ವ್ಯಾಟ್ ಎಂದು ಬರೆದ ಜನರೇಟರ್ ಇಲ್ಲಿ 1,750 ಕೊಟ್ಟೀತು. ಮಂಗಳೂರಿನಲ್ಲಿ ಗೀಸರ್ ಎಳೆದದ್ದು ಇಲ್ಲಿ ಗುರ್ ಎಂದು ಕೂತುಬಿಡುತ್ತದೆ. ಅಂಥ ಜನರೇಟರ್ ಇರುವ ಮನೆಗಳಿಗೆ ನಾನು ಹೇಳುವುದು 1,000 ವ್ಯಾಟಿನ ವಾಟರ್ ಹೀಟರ್ ರಾಡ್. ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

4. ಹೋಂಸ್ಟೇಯ ಡೀಸೆಲ್ ಜನರೇಟರಿನ ಕಥೆ ತಿರುಗುಮುರುಗು. 15 ಕೆವಿಎ ಯಂತ್ರವನ್ನು ನಾಲ್ಕು ಬಲ್ಬಿಗಾಗಿ ಸಂಜೆಯಿಡೀ ಓಡಿಸಿದರೆ ಡೀಸೆಲ್ ಸರಿಯಾಗಿ ಉರಿಯದೆ ಸೈಲೆನ್ಸರಿನಲ್ಲಿ ಕಪ್ಪು ಎಣ್ಣೆಮಸಿ ಕಟ್ಟುತ್ತದೆ. ಅದಕ್ಕೆ ಲೋಡ್ ಬೇಕು. ದೀಪ ಉರಿಯುವ ಹೊತ್ತಿನಲ್ಲೇ ಗೀಸರ್‌ಗಳನ್ನೂ ಓಡಿಸಿಕೊಳ್ಳಿ, ಯಂತ್ರಕ್ಕೂ ಹಿತ. ಆದರೆ ಫೇಸ್ ನೋಡಬೇಕು. ತ್ರೀ ಫೇಸ್ ಯಂತ್ರದಲ್ಲಿ ಒಂದು ಫೇಸಿನ ಪಾಲಿಗೆ ಬರುವುದು 21 ಆಂಪ್ ಅಷ್ಟೇ. ಎರಡು ಗೀಸರಿಗೆ 17 ಆಂಪ್ ಹೋಯಿತು. ಮೂರನೆಯದು ಅದೇ ಫೇಸಿಗೆ ಬಿದ್ದರೆ ಬ್ರೇಕರ್ ಬೀಳುತ್ತದೆ, ಉಳಿದೆರಡು ಫೇಸ್ ಸುಮ್ಮನೆ ಕೂತಿದ್ದರೂ. ಹೊಸದಾಗಿ ಕೋಣೆ ಕಟ್ಟಿಸುವಾಗಲೇ ಗೀಸರ್ ಲೈನುಗಳನ್ನು ಮೂರಕ್ಕೂ ಹಂಚಿಸಿ. ಒಂದು ಹಾಕಿ, ಎಂಜಿನ್ನಿನ ದನಿ ಸಮಕ್ಕೆ ಬಂದ ಮೇಲೆ ಇನ್ನೊಂದು ಹಾಕಿ. ನಿಲ್ಲಿಸುವ ಮೊದಲು ಎಲ್ಲ ಆರಿಸಿ, ನಾಲ್ಕೈದು ನಿಮಿಷ ಖಾಲಿ ಓಡಿಸಿ.

5. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಮನೆಯ ಲೈನಿಗೆ ಸೇರಿಸಬೇಡಿ. ಎರಡೂ ತುದಿಗೆ ಪ್ಲಗ್ ಇರುವ ವೈರನ್ನು ಸಾಕೆಟ್ಟಿಗೆ ಚುಚ್ಚಿ ಮನೆಗೆಲ್ಲ ಕರೆಂಟ್ ಕೊಡುವವರಿದ್ದಾರೆ. ಆ ಕರೆಂಟ್ ಮೀಟರ್ ದಾಟಿ ಹೊರಗೆ ಹೋದರೆ ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ 11,000 ವೋಲ್ಟಿಗೆ ಏರುತ್ತದೆ. ಮಳೆಯಲ್ಲಿ ಕಂಬ ಹತ್ತಿರುವ ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮ್ಯಾನ್‌ಗೆ ಲೈನ್ ಸತ್ತಿದೆ ಎಂಬ ನಂಬಿಕೆ. ಅಂಥ ವೈರ್ ಕಂಡರೆ ನಾನು ಕೇಳದೆಯೇ ಕತ್ತರಿಸುತ್ತೇನೆ.

6. ಸಣ್ಣ ಜನರೇಟರುಗಳಲ್ಲಿ ನ್ಯೂಟ್ರಲ್ ಅರ್ತಿಗೆ ಸೇರಿರುವುದಿಲ್ಲ. ಹಾಗಾಗಿ ಗೀಸರಿನ ಕಾಯಿಲ್ ಸೋರಿ ನೀರಿಗೆ ಕರೆಂಟ್ ಇಳಿದರೂ, ಸೋರಿಕೆ ಕಂಡರೆ ಬೀಳಬೇಕಾದ ಮನೆಯ ಇಎಲ್‌ಸಿಬಿ ಬೀಳದೇ ಇರಬಹುದು. ಬಲ್ಲವರಿಂದ ಪರೀಕ್ಷೆ ಮಾಡಿಸಿ. ನೀರು ಕಾದ ಮೇಲೆ ಆರಿಸಿಯೇ ಸ್ನಾನಕ್ಕೆ ಇಳಿಯಿರಿ.

7. ಮಳೆಯೆಂದು ಜನರೇಟರನ್ನು ಜಗುಲಿಗೋ ಬಚ್ಚಲ ಪಕ್ಕಕ್ಕೋ ತರಬೇಡಿ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಅದಕ್ಕೆ ವಾಸನೆಯಿಲ್ಲ, ತಲೆನೋವು ಬಂದು ಎದ್ದೇಳಲಾಗದೆ ಜೀವ ಹೋಗುತ್ತದೆ. ಮನೆಯಿಂದ ಇಪ್ಪತ್ತು ಅಡಿ ದೂರದಲ್ಲಿ, ಬದಿಗಳು ತೆರೆದಿರುವ ಶೀಟಿನ ಮಾಡು ಮಾಡಿಕೊಡಿ. ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರಿಗೂ ಇದೇ ಮಾತು. ಇನ್ನು ಕರೆಂಟೇ ಬೇಡದ ದಾರಿ: ಸೌದೆ ಇರುವ ಮನೆಯವರು ಹಂಡೆಯ ಒಲೆಯನ್ನು ಒಡೆಸಬೇಡಿ. ಕಾಫಿ ಗಿಡದ ಒಣಕೊಂಬೆ ನೇರವಾಗಿ ಕೊಡುವ ಬಿಸಿಗೆ ಯಾವ ಯಂತ್ರವೂ ನಡುವೆ ಬೇಕಿಲ್ಲ.

8. ವಯಸ್ಸಾದವರ ಕೋಣೆಗೆ ರೂಂ ಹೀಟರ್ ಬೇಕೆಂದು ಕೇಳುತ್ತಾರೆ. ಅದೂ 1,000ದಿಂದ 2,000 ವ್ಯಾಟ್, ಇನ್ವರ್ಟರಿಗೆ ಆಗದು. 60ರಿಂದ 100 ವ್ಯಾಟಿನ ಎಲೆಕ್ಟ್ರಿಕ್ ಕಂಬಳಿ ತನ್ನಿ: ರಾತ್ರಿ ಎಂಟು ತಾಸು ಹಾಕಿದರೂ 0.8 ಯೂನಿಟ್ ಮೀರದು, ಬೇರೆ ಲೋಡ್ ಇಲ್ಲದಿದ್ದರೆ ಮೊದಲು ಹೇಳಿದ ಆ ಒಂದೇ ಬ್ಯಾಟರಿ ಸಾಕು. ಸೈನ್ ವೇವ್ ಇನ್ವರ್ಟರಿಗೇ ಹಾಕಿ. ಹಸುಗೂಸಿಗೂ, ಕಾಲಿನಲ್ಲಿ ಸ್ಪರ್ಶ ಕಳೆದುಕೊಂಡ ಸಕ್ಕರೆ ಕಾಯಿಲೆಯವರಿಗೂ ಈ ಕಂಬಳಿ ಬೇಡ. ಸುಡುತ್ತಿದ್ದರೂ ಕೂಸಿಗೆ ಹೇಳಲು ಬಾರದು, ಸ್ಪರ್ಶ ಹೋದವರಿಗೆ ತಿಳಿಯುವುದಿಲ್ಲ. ಅಂಥವರ ಹಾಸಿಗೆಯನ್ನು ಮಲಗುವ ಮೊದಲು ಬಿಸಿನೀರಿನ ಬ್ಯಾಗಿನಿಂದ ಬೆಚ್ಚಗೆ ಮಾಡಿ, ಬ್ಯಾಗ್ ತೆಗೆದಿಟ್ಟು ಮಲಗಿಸಿ.