ತೆರೆದ ತಂತ್ರಾಂಶ, ತೆರೆದ ಕಣ್ಣು

ಗಣಕಯಂತ್ರವು ತಾನಾಗಿ ಏನನ್ನೂ ಮಾಡಲಾರದು. ಮನುಷ್ಯನು ಬರೆದಿಟ್ಟ ಆಜ್ಞೆಗಳಂತೆ ಅದು ನಡೆಯುತ್ತದೆ. ಈ ಆಜ್ಞೆಗಳ ಸಮೂಹವೇ ತಂತ್ರಾಂಶ. ಬರೆದವನು ಮನುಷ್ಯನಾದುದರಿಂದ ಅದರಲ್ಲಿ ತಪ್ಪುಗಳು ಉಳಿಯುವುದು ಸಹಜ. ಆ ತಪ್ಪನ್ನು ಕಂಡುಹಿಡಿಯುವವರು ಯಾರು, ತಿದ್ದುವವರು ಯಾರು ಎಂಬುದೇ ಮುಖ್ಯವಾದ ಪ್ರಶ್ನೆ.

ಆಜ್ಞೆಗಳ ಮೂಲಪಾಠವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದರೆ ಅದು ಮುಕ್ತ ತಂತ್ರಾಂಶ. ತಯಾರಿಸಿದ ಸಂಸ್ಥೆಯು ಮೂಲಪಾಠವನ್ನು ತನ್ನಲ್ಲೇ ಗುಟ್ಟಾಗಿಟ್ಟುಕೊಂಡರೆ ಅದು ಸ್ವಾಮ್ಯದ ತಂತ್ರಾಂಶ. ಮೊದಲನೆಯದಕ್ಕೆ ಲಿನಕ್ಸ್, ಎರಡನೆಯದಕ್ಕೆ ವಿಂಡೋಸ್ ಪ್ರಸಿದ್ಧ ನಿದರ್ಶನಗಳು. ಹಲವರು ನೋಡುವುದರಿಂದ ಮುಕ್ತ ತಂತ್ರಾಂಶದ ದೋಷಗಳು ಬೇಗನೆ ಬಯಲಾಗುತ್ತವೆ ಎಂಬ ನಂಬಿಕೆಯುಂಟು. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ?

ಅಂತರಜಾಲದಲ್ಲಿ ಸಾಗುವ ಗುಟ್ಟಿನ ಮಾಹಿತಿಯನ್ನು ಕಾಯುವ ಓಪನ್ ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶವಿದೆ. 2012ರಲ್ಲಿ ಹೊರಬಂದ ಅದರ ಆವೃತ್ತಿಯೊಂದರಲ್ಲಿ ಸಣ್ಣ ಲೋಪವೊಂದು ನುಸುಳಿತ್ತು. 'ನಾನು ಕಳುಹಿಸಿದ ಪದವನ್ನು ಹಿಂದಿರುಗಿಸು' ಎಂದು ಕೇಳಿದಾಗ, ಆ ಪದದ ಉದ್ದವು ಕೇಳಿದವನು ಹೇಳಿದಷ್ಟೇ ಇದೆಯೇ ಎಂದು ಅದು ಪರೀಕ್ಷಿಸುತ್ತಿರಲಿಲ್ಲ. ನಾಲ್ಕು ಅಕ್ಷರ ಕೊಟ್ಟು ಅರವತ್ತು ಸಾವಿರ ಅಕ್ಷರ ಕೇಳಿದರೆ, ಉಳಿದುದನ್ನು ತನ್ನ ಸ್ಮೃತಿಕೋಶದಿಂದ ತುಂಬಿ ಕೊಡುತ್ತಿತ್ತು. ಅದರಲ್ಲಿ ಪರರ ಗುಪ್ತಪದಗಳೂ ಸೇರಿರಬಹುದಾಗಿತ್ತು! ಮೂಲಪಾಠವು ಎಲ್ಲರ ಕಣ್ಣಮುಂದೆ ಇದ್ದರೂ 2014ರ ಏಪ್ರಿಲ್‌ವರೆಗೆ ಈ ಲೋಪ ಲೋಕಕ್ಕೆ ತಿಳಿಯಲಿಲ್ಲ. ಜಗತ್ತೆಲ್ಲ ಬಳಸುತ್ತಿದ್ದ ಆ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. 'ಹಾರ್ಟ್‌ಬ್ಲೀಡ್' ಎಂದು ಹೆಸರಾದ ಈ ಲೋಪ ಪ್ರಕಟವಾದ ದಿನವೇ ತಿದ್ದುಪಡಿಯೂ ಹೊರಬಂದಿತು.

ಹಾಗಾದರೆ ಮುಚ್ಚಿಟ್ಟ ತಂತ್ರಾಂಶವು ಹೆಚ್ಚು ಸುರಕ್ಷಿತವೇ? ಹಾಗೆಂದೂ ಹೇಳುವಂತಿಲ್ಲ. 2017ರ ಮೇ ತಿಂಗಳಿನಲ್ಲಿ ವಿಂಡೋಸ್‌ನ ದೋಷವೊಂದನ್ನು ಹಿಡಿದು 'ವಾನಾಕ್ರೈ' ಎಂಬ ದುಷ್ಟ ತಂತ್ರಾಂಶವು ಅನೇಕ ದೇಶಗಳಿಗೆ ಹರಡಿತು. ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವೂ ಕೆಟ್ಟಿತು. ತಯಾರಕ ಸಂಸ್ಥೆಯು ಮಾರ್ಚ್ ತಿಂಗಳಿನಲ್ಲೇ ತಿದ್ದುಪಡಿಯನ್ನು ಕೊಟ್ಟಿತ್ತು. ಅದನ್ನು ಅಳವಡಿಸಿಕೊಳ್ಳದೆ ಉಳಿದ ಯಂತ್ರಗಳು ತುತ್ತಾದವು. ಎರಡೂ ಬಗೆಗಳಲ್ಲಿ ಎಚ್ಚರ ತಪ್ಪಿದಲ್ಲೇ ಕೇಡು ಬಂದಿತೆಂಬುದನ್ನು ನಾವು ಗಮನಿಸಬೇಕು.

ಆದರೆ ಬರಹದ ವಿಷಯದಲ್ಲಿ ಮುಕ್ತತೆಯ ಬೆಲೆ ಬೇರೆಯೇ ಆದುದು. ತಂತ್ರಾಂಶ ಹಳತಾದರೆ ಹೊಸದನ್ನು ತರಬಹುದು. ಅದರಲ್ಲಿ ಬರೆದಿಟ್ಟ ಕಡತದ ಗತಿಯೇನು? ಕಡತದ ರಚನಾಕ್ರಮವು ಒಬ್ಬರ ಗುಟ್ಟಾಗಿದ್ದರೆ, ಅವರು ಕೈಬಿಟ್ಟ ದಿನ ನಮ್ಮ ಬರಹವೇ ನಮಗೆ ಓದಲು ಸಿಗದೆ ಹೋಗಬಹುದು. ಈ ಕಷ್ಟವನ್ನು ಕನ್ನಡವೂ ಕಂಡಿದೆ. ಎಲ್ಲ ಭಾಷೆಗಳಿಗೂ ಸಮಾನವಾದ ಯೂನಿಕೋಡ್ ಸಂಕೇತವು ಬಳಕೆಗೆ ಬರುವ ಮುನ್ನ, ಒಂದೊಂದು ಬಗೆಯ ಕನ್ನಡ ಅಕ್ಷರಮಾದರಿಗೂ ಒಂದೊಂದು ಸಂಕೇತವಿತ್ತು. ಅಂಥ ಕಡತವನ್ನು ಆ ಅಕ್ಷರಮಾದರಿಯಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. ಯಾರು ಬೇಕಾದರೂ ತಿಳಿದು ಬಳಸಬಹುದಾದ 'ಓಪನ್ ಡಾಕ್ಯುಮೆಂಟ್' ಎಂಬ ಕಡತಕ್ರಮವನ್ನು 2006ರಲ್ಲಿ ಅಂತರರಾಷ್ಟ್ರೀಯ ಮಾನಕವೆಂದು ಅಂಗೀಕರಿಸಿದುದರ ಮಹತ್ವ ಇದರಿಂದ ತಿಳಿಯುತ್ತದೆ.

ಮುಕ್ತತೆಯು ನೋಡುವ ಹಕ್ಕನ್ನು ಕೊಡುತ್ತದೆ. ನೋಡುವ ಕೆಲಸವನ್ನು ತಾನೇ ಮಾಡಿಕೊಡುವುದಿಲ್ಲ. ಆ ಕೆಲಸಕ್ಕೆ ಕಲಿತವರು ಬೇಕು, ಶ್ರದ್ಧೆಯುಳ್ಳವರು ಬೇಕು. ಇಂದು ಶಾಲೆಯಲ್ಲಿ ಕಲಿಯುತ್ತಿರುವವರಲ್ಲಿ ಕೆಲವರಾದರೂ ಮುಂದೆ ಅದನ್ನು ಕೈಗೆತ್ತಿಕೊಳ್ಳಬೇಕು.