ಬೆಲ್ ಹಿಂದಿನ ಹ್ಯಾಂಡಲ್‌ಗೆ ಇರಲಿ

ಪ್ರಶ್ನೆ: ನಮ್ಮ ಯಜಮಾನರಿಗೆ 64 ವರ್ಷ. ಪಾರ್ಕಿನ್ಸನ್ ಕಾಯಿಲೆ ಶುರುವಾಗಿ ಆರು ವರ್ಷವಾಯಿತು. ದಿನಕ್ಕೆ ಮೂರು ಹೊತ್ತು ಲೆವೊಡೋಪಾ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೊಸ್ತಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಅಂಥವರು ಹೋದ ತಿಂಗಳು ಮಗನ ಸೈಕಲ್ ಹತ್ತಿ ಮನೆ ಮುಂದಿನ ಮೈದಾನದಲ್ಲಿ ಸರಾಗವಾಗಿ ಮೂರು ಸುತ್ತು ಹೊಡೆದರು. ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ಮದುವೆಯಾದ ಹೊಸದರಲ್ಲಿ ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದವರು ಅವರು. ಈಗ ಮಗ ಇಬ್ಬರೂ ತುಳಿಯುವ ಜೋಡಿ ಸೈಕಲ್ ಕೊಡಿಸುತ್ತೇನೆ ಎನ್ನುತ್ತಿದ್ದಾನೆ. ನಾನು ಮುಂದೆ, ಅವರು ಹಿಂದೆ. ನನಗೆ 58, ಆರೋಗ್ಯವಾಗಿದ್ದೇನೆ. ಹೋಗಬಹುದೇ ಡಾಕ್ಟರೇ?
– ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ನರರೋಗ ತಜ್ಞರು ಒಮ್ಮೆ ಪರೀಕ್ಷಿಸಿ ಒಪ್ಪಿದರೆ ಖಂಡಿತ ಹೋಗಬಹುದು. ಹೊಸ್ತಿಲ ಬಳಿ ನಿಂತುಹೋಗುವವರು ಸೈಕಲ್ ತುಳಿಯುವುದನ್ನು ಕಂಡು ಬೆರಗಾದವರು ನೀವೊಬ್ಬರೇ ಅಲ್ಲ. ನಾಲ್ಕು ಹೆಜ್ಜೆ ನಡೆಯಲಾಗದ 58 ವರ್ಷದ ರೋಗಿಯೊಬ್ಬರು ಸಲೀಸಾಗಿ ಸೈಕಲ್ ಹೊಡೆದದ್ದನ್ನು ನೆದರ್ಲೆಂಡ್ಸ್‌ನ ವೈದ್ಯರು 2010ರಲ್ಲಿ ವರದಿ ಮಾಡಿದ್ದರು. ಸೈಕಲ್‌ನಿಂದ ಇಳಿದೊಡನೆ ಅವರ ಕಾಲು ಮತ್ತೆ ಕಟ್ಟಿಕೊಂಡಿತು. ನಡೆಯುವಾಗ ಪ್ರತಿ ಹೆಜ್ಜೆಗೂ ಮಿದುಳೇ ಒಳಗಿನಿಂದ ಅಪ್ಪಣೆ ಕೊಡಬೇಕು. ಡೋಪಮಿನ್ ಕಡಿಮೆಯಾದಾಗ ಆ ಅಪ್ಪಣೆ ತಡವರಿಸುತ್ತದೆ. ಪೆಡಲ್‌ಗಳಾದರೆ ಒಂದಕ್ಕೊಂದು ಜೋಡಿಸಿಕೊಂಡಿವೆ; ಒಂದು ಕೆಳಗಿಳಿದರೆ ಇನ್ನೊಂದು ತಾನೇ ಮೇಲೇಳುತ್ತದೆ. ಕಾಲಿಗೆ ಬೇಕಾದ ತಾಳ ಹೊರಗಿನಿಂದ ಸಿಗುವುದೇ ಇದಕ್ಕೆ ಕಾರಣವಿರಬೇಕು ಎನ್ನುತ್ತಾರೆ ತಜ್ಞರು. ಆದ್ದರಿಂದ ನಿಮ್ಮವರಿಗೆ ದಾರಿಗಿಂತ ಹತ್ತುವ, ಇಳಿಯುವ ಕ್ಷಣಗಳೇ ಹೆಚ್ಚು ಅಪಾಯದವು.

ಜೋಡಿ ಸೈಕಲ್‌ಗೂ ಈ ಕಾಯಿಲೆಗೂ ಹಳೆಯ ನಂಟಿದೆ. 2003ರಲ್ಲಿ ಅಮೆರಿಕದ ಸಂಶೋಧಕ ಜೇ ಆಲ್ಬರ್ಟ್ಸ್ ಪಾರ್ಕಿನ್ಸನ್ ಇದ್ದ ಮಹಿಳೆಯೊಬ್ಬರ ಜೊತೆ ಅಯೋವಾ ರಾಜ್ಯದುದ್ದಕ್ಕೂ ಜೋಡಿ ಸೈಕಲ್ ತುಳಿದರು. ಆ ದಿನಗಳಲ್ಲಿ ಆಕೆಯ ಕೈಬರಹ ಸುಧಾರಿಸಿದ್ದು ಕಣ್ಣಿಗೆ ಬಿತ್ತು. ಮುಂದೆ 10 ರೋಗಿಗಳ ಮೇಲೆ 8 ವಾರ ನಡೆಸಿದ ಅವರ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಜೋಡಿ ಸೈಕಲ್‌ನಲ್ಲಿ ತರಬೇತುದಾರರ ಜೊತೆ ತಮ್ಮ ಸಹಜ ವೇಗಕ್ಕಿಂತ ಚುರುಕಾಗಿ ತುಳಿದವರ ಚಲನೆಯ ಅಂಕ ಶೇ 35ರಷ್ಟು ಉತ್ತಮಗೊಂಡಿತ್ತು. ಇದು ಪುಟ್ಟ ಅಧ್ಯಯನ, ಮೇಲ್ವಿಚಾರಣೆಯಲ್ಲಿ ನಡೆದ ವ್ಯಾಯಾಮ. ನೀವು ಹೊರಟಿರುವುದು ವಿಹಾರಕ್ಕೆ. ಅದೇ ಫಲ ಸಿಗಲೆಂದು ಅವರನ್ನು ಜೋರಾಗಿ ತುಳಿಸಬೇಡಿ. ಮಾತ್ರೆಯನ್ನೂ ಕಡಿಮೆ ಮಾಡಬೇಡಿ.

ಹೊರಡುವ ಹೊತ್ತನ್ನು ಮಾತ್ರೆಯ ಗಡಿಯಾರ ನೋಡಿ ಗೊತ್ತುಮಾಡಿ. ಮಾತ್ರೆ ನುಂಗಿದ ಎಷ್ಟು ಹೊತ್ತಿಗೆ ಮೈ ಹಗುರಾಗುತ್ತದೆ, ಎಷ್ಟು ಹೊತ್ತು ಹಾಗಿರುತ್ತದೆ ಎಂದು ಒಂದು ವಾರ ಬರೆದಿಡಿ. ಆ ಅವಧಿ ಮುಗಿಯುವ ಮೊದಲೇ ಮನೆ ಸೇರಬೇಕು. ಹಾಲು, ಬೇಳೆಯಂಥ ಪ್ರೊಟೀನ್ ಹೆಚ್ಚಿರುವ ಆಹಾರ ಲೆವೊಡೋಪಾ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಹಾಗಾಗಿ ಸಾಮಾನ್ಯವಾಗಿ ತಿಂಡಿಗೆ ಅರ್ಧ ಗಂಟೆ ಮೊದಲೇ ಮಾತ್ರೆ ಕೊಡುವುದು ಒಳ್ಳೆಯದು. ವಾಕರಿಕೆ ಬಂದರೆ ವೈದ್ಯರನ್ನು ಕೇಳಿ. ಮುಂದಿನ ಹೊತ್ತಿನ ಮಾತ್ರೆ, ನೀರು ಚೀಲದಲ್ಲಿರಲಿ.

ನಿಂತಾಗ ರಕ್ತದೊತ್ತಡ ಇಳಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಮಲಗಿಸಿ ಒಮ್ಮೆ, ಎದ್ದುನಿಂತ 1 ಮತ್ತು 3 ನಿಮಿಷಕ್ಕೆ ಒಮ್ಮೊಮ್ಮೆ ಅಳೆಯಿರಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10ರಷ್ಟು ಇಳಿದರೆ, ವೈದ್ಯರನ್ನು ಕಾಣುವವರೆಗೆ ಸೈಕಲ್ ಬೇಡ. ಇತ್ತೀಚೆಗೆ ಬಿದ್ದಿದ್ದರೆ, ಇಲ್ಲದ್ದು ಕಣ್ಣಿಗೆ ಕಾಣುತ್ತಿದ್ದರೆ, ಎದೆನೋವು ಇದ್ದರೆ ಕೂಡ ಹಾಗೆಯೇ.

ಮೊದಲು ಮಗನನ್ನು ಹಿಂದೆ ಕೂರಿಸಿಕೊಂಡು ನೀವು ಚೆನ್ನಾಗಿ ಅಭ್ಯಾಸ ಮಾಡಿ. ಹಿಂದಿನ ಸೀಟಿನ ಮುಂದೆ ಅಡ್ಡ ಕಂಬಿ ತಗ್ಗಾಗಿರುವ ಸೈಕಲ್ ಆರಿಸಿ. ಅವರು ಹತ್ತಿ ಕುಳಿತು "ಆಯ್ತು" ಎನ್ನುವವರೆಗೆ ನೀವು ಎರಡೂ ಕಾಲು ನೆಲಕ್ಕೂರಿ ಬ್ರೇಕ್ ಹಿಡಿದು ನಿಂತಿರಿ. ಇಳಿಯುವಾಗ ಮೊದಲ ಕೆಲವು ದಿನ ಮಗ ಪಕ್ಕದಲ್ಲಿರಲಿ. ಇಳಿದವರು ಒಂದು ನಿಮಿಷ ಸೀಟು ಹಿಡಿದು ನಿಂತು, ಆಮೇಲೆ ಹೆಜ್ಜೆ ಇಡಲಿ. ಇಬ್ಬರಿಗೂ ಹೆಲ್ಮೆಟ್ ಬೇಕು. ಬೆಳಕು ಚೆನ್ನಾಗಿ ಹರಿದ ಮೇಲೆ, ವಾಹನ ಕಡಿಮೆ ಇರುವ ಸಮತಟ್ಟು ರಸ್ತೆಯಲ್ಲಿ 15 ನಿಮಿಷದಿಂದ ಶುರುಮಾಡಿ.

ಇನ್ನೊಂದು ಮಾತು ನನಗೆ ಬಹಳ ಮುಖ್ಯವೆನಿಸುತ್ತದೆ. ಪಾರ್ಕಿನ್ಸನ್ ಇರುವವರ ದನಿ ತಗ್ಗುತ್ತದೆ, ಮುಖದ ಭಾವ ಮಂಕಾಗುತ್ತದೆ. ಜೋಡಿ ಸೈಕಲ್‌ನಲ್ಲಿ ನಿಮಗೆ ಅವರ ದನಿಯೂ ಕೇಳದು, ಮುಖವೂ ಕಾಣದು. ಸುಸ್ತಾದರೂ ನಿಮಗೆ ಗೊತ್ತಾಗುವುದಿಲ್ಲ. ಅದಕ್ಕೇ ಹಿಂದಿನ ಹ್ಯಾಂಡಲ್‌ಗೆ ಒಂದು ಬೆಲ್ ಹಾಕಿಸಿ. ಒಂದು ಸಲ ಬಾರಿಸಿದರೆ ನಿಧಾನ, ಎರಡು ಸಲ ಬಾರಿಸಿದರೆ ನಿಲ್ಲಿಸು ಎಂದು ಇಬ್ಬರೂ ಮಾತಾಡಿಕೊಳ್ಳಿ. ಬೆಲ್ ಕೇಳದಿದ್ದರೂ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ತಿರುಗಿ ನೋಡಿ. ಇಷ್ಟು ವರ್ಷ ನಿಮ್ಮನ್ನು ಸುತ್ತಿಸಿದವರಿಗೆ ಹಿಂದೆ ಕೂರುವುದು ಮುಜುಗರವೆನಿಸಬಹುದು. ಎಲ್ಲಿ ನಿಲ್ಲಬೇಕು, ಯಾವಾಗ ತಿರುಗಬೇಕು ಎನ್ನುವುದು ಅವರ ಕೈಯಲ್ಲಿದ್ದರೆ ಆ ಭಾರ ಇಳಿಯುತ್ತದೆ.

ಮುಂದೆಂದಾದರೂ ಸೈಕಲ್ ಮೇಲಿನ ಸಮತೋಲ ಇದ್ದಕ್ಕಿದ್ದಂತೆ ತಪ್ಪತೊಡಗಿದರೆ ವಯಸ್ಸಾಯಿತೆಂದು ಸುಮ್ಮನಾಗದೆ ನರರೋಗ ತಜ್ಞರಿಗೆ ತಿಳಿಸಿ. ರೋಗನಿರ್ಣಯಕ್ಕೆ ಅದೂ ಒಂದು ಸುಳಿವು.

ಪ್ರಶ್ನೆ: ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಭಾನುವಾರ ಇಬ್ಬರೂ ಒಂದೊಂದು ಸೈಕಲ್‌ನಲ್ಲಿ ಎಂಟು-ಹತ್ತು ಕಿ.ಮೀ. ಹೋಗಿಬರುತ್ತೇವೆ. ಏನು ಎಚ್ಚರ ವಹಿಸಬೇಕು?
– ಓದುಗರು, ಧಾರವಾಡ

ಉತ್ತರ: ಹೊರಡುವ ಮೊದಲು ಗ್ಲುಕೋಮೀಟರ್‌ನಲ್ಲಿ ನೋಡಿ. 90 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ಮೊದಲು ಒಂದು ಬಾಳೆಹಣ್ಣು ತಿನ್ನಲಿ, ಸಕ್ಕರೆ ಏರಿದ ಮೇಲೆ ಹೊರಡಿ. ತುಳಿಯುವ ತೊಡೆಗೆ ಚುಚ್ಚಿದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುವುದರಿಂದ ಅಂದು ಹೊಟ್ಟೆಗೆ ಚುಚ್ಚಿಕೊಳ್ಳಲಿ. ಡೋಸ್ ಬದಲಿಸಬೇಕೇ ಎಂದು ವೈದ್ಯರನ್ನು ಕೇಳಿ. ಮನೆಗೆ ಬಂದ ಮೇಲೆ ಪಾದದಲ್ಲಿ ಬೊಬ್ಬೆ, ಗಾಯ ಇದೆಯೇ ನೋಡಿ. ವ್ಯಾಯಾಮದ ಪರಿಣಾಮ ಗಂಟೆಗಟ್ಟಲೆ ಉಳಿಯುವುದರಿಂದ ರಾತ್ರಿ ಮಲಗುವ ಮುನ್ನವೂ ಸಕ್ಕರೆ ಅಳೆಯಿರಿ.

ಗ್ಲುಕೋಸ್ ಪುಡಿ ಅವರ ಬಳಿಯೂ ನಿಮ್ಮ ಬಳಿಯೂ ಇರಲಿ. ಬೆವರು, ನಡುಕ, ಹಸಿವು ಕಂಡರೆ ತಕ್ಷಣ ನಿಲ್ಲಿಸಿ 15 ಗ್ರಾಂ ಗ್ಲುಕೋಸ್, ಅಂದರೆ ಸುಮಾರು ಮೂರು ಚಮಚ, ನೀರಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಿ. "ನನಗೇನೂ ಆಗಿಲ್ಲ, ಸುಮ್ಮನೆ ನಡೀರಿ" ಎಂದು ಎಂದಿಲ್ಲದಂತೆ ಸಿಡುಕಿದರೆ, ಆ ಸಿಡುಕೇ ಸಕ್ಕರೆ ಇಳಿದದ್ದರ ಗುರುತಾಗಿರಬಹುದು. ವಾದಕ್ಕೆ ನಿಲ್ಲದೆ ಸೈಕಲ್ ಬದಿಗೆ ಹಾಕಿ, ಗ್ಲುಕೋಸ್ ಕೈಗಿಡಿ.